ತೂಗದೆ ಹಾಕಿದ ಸಹಿ

ಕಳೆದ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆ ಹೊಡೆದಿತ್ತು. ಸಂಘದ ಕಛೇರಿಯ ಬಾಗಿಲು ಹಾಕುವ ಹೊತ್ತಿಗೆ ಕುಂದಾಪುರದ ಕಡೆಯ ಹುಡುಗನೊಬ್ಬ ಮೆಟ್ಟಿಲು ಹತ್ತಿ ಬಂದು ನಿಂತ. ಮುಂಬಯಿಯ ಉಪನಗರದ ಒಂದು ಹೊಟೇಲಿನಲ್ಲಿ ಅವನಿಗೆ ಕೆಲಸ. ರುಬ್ಬುವ ಯಂತ್ರ ಕಾಯುವುದು, ತರಕಾರಿ ಹೆಚ್ಚುವುದು, ಕರೆದಲ್ಲಿಗೆ ಓಡುವುದು. ಸಂಬಳದ ದಿನ ಅವನ ಕೈಗೆ ಬಂದ ಹಣದಲ್ಲಿ ಒಂದು ಡಬ್ಬಿ ಎಣ್ಣೆಯ ಬೆಲೆ ಕಡಿಮೆಯಿತ್ತು. ಕೇಳಿದ್ದಕ್ಕೆ ಮೆನೇಜರರು ಚಲನ್ ತೆಗೆದು ತೋರಿಸಿದರಂತೆ. “ಹತ್ತು ಡಬ್ಬಿ ಬಂದಿದೆ ಎಂದು ಸಹಿ ಮಾಡಿದವನು ನೀನು. ತಿಂಗಳ ಕೊನೆಗೆ ಒಂದು ಡಬ್ಬಿಯಷ್ಟು ಎಣ್ಣೆಯ ಲೆಕ್ಕ ಸಿಗುತ್ತಿಲ್ಲ. ಉತ್ತರ ಹೇಳಬೇಕಾದವನೂ ನೀನೇ.” ಹುಡುಗ ನಮ್ಮೆದುರು ಅಳಲಿಲ್ಲ. “ಅಣ್ಣಾ, ಹಣ ಹೋದರೆ ಹೋಗಲಿ. ನಾನು ಕದ್ದೆನೆಂದು ಊರಿಗೆ ಫೋನು ಮಾಡಿ ಹೇಳಿದ್ದಾರೆ” ಎಂದಷ್ಟೇ ಹೇಳಿದ.

ಮರುದಿನ ಮಧ್ಯಾಹ್ನ ಗಿರಾಕಿಗಳ ಗಲಾಟೆ ಇಳಿದ ಮೇಲೆ ನಾವು ಆ ಹೊಟೇಲಿಗೆ ಹೋದೆವು. ಯಜಮಾನರು ನಮ್ಮನ್ನು ಕೂಡಿಸಿ ಕಾಫಿ ತರಿಸಿದರು; ಲೆಕ್ಕದ ಪುಸ್ತಕವನ್ನೂ ಮುಚ್ಚಿಡದೆ ತೋರಿಸಿದರು. ಅವರ ಪುಸ್ತಕದಲ್ಲಿ ಆವಕ ೧೫೦ ಕಿಲೋ, ಎಂದರೆ ಹದಿನೈದು ಕಿಲೋದ ಹತ್ತು ಡಬ್ಬಿ. ಅಲ್ಲಿ ಭಟ್ಟರಿಗೆ ಎಣ್ಣೆಯನ್ನು ತೂಗಿ ಕೊಡುವ ಒಳ್ಳೆಯ ಪದ್ಧತಿಯಿದೆ. ತೂಗಿ ಕೊಟ್ಟದ್ದನ್ನೂ ಉಳಿದದ್ದನ್ನೂ ಕೂಡಿಸಿದರೆ ೧೩೬ ಕಿಲೋದ ಆಸುಪಾಸಿಗೆ ಬರುತ್ತಿತ್ತು. ಕೊರತೆ ನಿಜವೇ. ನಾವು ಖಾಲಿ ಡಬ್ಬಿಯೊಂದನ್ನು ತರಿಸಿ ಅದರ ಚೀಟಿಯನ್ನು ಓದಿದೆವು. ಅದರಲ್ಲಿ ೧೫ ಲೀಟರ್ ಎಂದಿತ್ತು. ೧೫ ಕಿಲೋ ಎಂದಿರಲಿಲ್ಲ.

ಎಣ್ಣೆ ನೀರಿಗಿಂತ ಹಗುರವೆಂದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಒಂದು ಲೀಟರ್ ಎಣ್ಣೆ ಸುಮಾರು ೯೧೦ ಗ್ರಾಂ ತೂಗುತ್ತದೆ. ಹದಿನೈದು ಲೀಟರಿನ ಡಬ್ಬಿಯಲ್ಲಿ ಇರುವುದು ಹದಿಮೂರೂವರೆ ಕಿಲೋಕ್ಕೆ ತುಸು ಹೆಚ್ಚು. ಹತ್ತು ಡಬ್ಬಿಗೆ ಹದಿಮೂರೂವರೆ ಕಿಲೋ ಕಡಿಮೆ. ಹೆಚ್ಚುಕಡಿಮೆ ಒಂದು ಡಬ್ಬಿಯೇ ಮಾಯ. ಹುಡುಗನೂ ಕದ್ದಿರಲಿಲ್ಲ, ಭಟ್ಟರೂ ಕದ್ದಿರಲಿಲ್ಲ. ವ್ಯಾಪಾರಿ ಕಿಲೋದ ದರ ಹಾಕಿ ಲೀಟರಿನ ಡಬ್ಬಿ ಇಳಿಸಿ ಹೋಗಿದ್ದ. ಬೆಳಗಿನ ಆರು ಗಂಟೆಗೆ ಹಿಟ್ಟಿನ ಕೈ ಒರೆಸಿಕೊಂಡು ಬಂದ ಹುಡುಗ ಹತ್ತು ಎಂದು ಎಣಿಸಿ ಸಹಿ ಹಾಕಿದ್ದ. ಎಣಿಕೆ ಸರಿಯಾಗಿಯೇ ಇತ್ತು.

ಯಜಮಾನರು ಆ ಡಬ್ಬಿಯನ್ನು ಎರಡು ಸಲ ತಿರುವಿ ನೋಡಿ ಹಣ ಹಿಂತಿರುಗಿಸಿದರು. ಅದಕ್ಕಾಗಿ ಅವರಿಗೆ ನಮ್ಮ ವಂದನೆ. ಆದರೆ ಊರಿಗೆ ಹೋದ ಮಾತನ್ನು ಹಿಂದಕ್ಕೆ ತರುವುದು ಅವರಿಂದಲೂ ಆಗಲಿಲ್ಲ, ನಮ್ಮಿಂದಲೂ ಆಗಲಿಲ್ಲ. ಹುಡುಗ ವಾರದೊಳಗೆ ಆ ಕೆಲಸ ಬಿಟ್ಟ.

ಈ ಪ್ರಸಂಗವನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಸಂಬಳ, ರಜೆ, ಕೆಲಸದ ಗಂಟೆ, ಮಲಗುವ ಜಾಗ ಇವುಗಳ ಬಗ್ಗೆ ಈ ಅಂಕಣದಲ್ಲಿ ಹಲವು ಸಲ ಬರೆದಿದ್ದೇವೆ. ಮಾಲು ಇಳಿಸಿಕೊಳ್ಳುವ ಕೆಲಸದ ಬಗ್ಗೆ ಒಮ್ಮೆಯೂ ಬರೆದಂತಿಲ್ಲ. ಅದು ಕೆಲಸವೆಂದೇ ಯಾರೂ ಎಣಿಸಿಲ್ಲ. ಭಟ್ಟರಿದ್ದಾರೆ, ಸಪ್ಲಾಯರರಿದ್ದಾರೆ, ಗಲ್ಲೆಯ ಮೇಲೆ ಕೂತವರಿದ್ದಾರೆ, ಕಪ್ಪುಬಸಿ ತೊಳೆಯುವವರಿದ್ದಾರೆ. ಟೆಂಪೊ ಬಂದು ಹಿಂಬಾಗಿಲಲ್ಲಿ ನಿಂತಾಗ ಯಾರ ಕೈ ಬಿಡುವಾಗಿದೆಯೋ ಅವನೇ ಉಗ್ರಾಣಿ. ಉಗ್ರಾಣದ ಕೀಲಿಕೈ ಒಬ್ಬರ ಸೊಂಟದಲ್ಲಿ, ಚಲನಿನ ಮೇಲಿನ ಸಹಿ ಇನ್ನೊಬ್ಬನದು. ನಮ್ಮ ಎಷ್ಟೋ ಬಾಂಧವರ ಸಂಬಳ ಸೋರಿಹೋಗುವ ತೂತು ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಾಲು ಇಳಿಸಿಕೊಳ್ಳುವವನು ಮೂರು ಕಾಗದಗಳನ್ನು ತಾಳೆ ನೋಡಬೇಕು. ನಾವು ಬೇಕೆಂದು ಹೇಳಿ ಕಳಿಸಿದ ಪಟ್ಟಿ ಒಂದು. ವ್ಯಾಪಾರಿ ಕಳಿಸಿದ್ದೇನೆ ಎನ್ನುವ ಚಲನ್ ಎರಡು. ಹಣ ಕೇಳುವ ಬಿಲ್ಲು ಮೂರು. ಈ ಮೂರರ ನಡುವೆ ನಿಜವಾದ ಮಾಲು ಕೂತಿರುತ್ತದೆ. ಕಾಗದಕ್ಕೆ ಕಾಗದ ತಾಳೆಯಾದರೆ ಸಾಲದು, ಕಾಗದಕ್ಕೆ ಮಾಲು ತಾಳೆಯಾಗಬೇಕು. ಕೇಳಿದ ಪಟ್ಟಿ ಹಿಂಬಾಗಿಲಿಗೆ ಬರುವುದೇ ಇಲ್ಲ, ಅದು ಮೆನೇಜರರ ಫೋನಿನಲ್ಲೇ ಉಳಿಯುತ್ತದೆ. ಹಾಗಿರುವಾಗ ಹುಡುಗ ಯಾವುದಕ್ಕೆ ಯಾವುದನ್ನು ತಾಳೆ ನೋಡಬೇಕು?

ತೂಕದ ಮಾತಿಗೆ ಬರೋಣ. ನಮ್ಮ ಹಿರಿಯರು ಈ ಊರಿಗೆ ಬಂದ ಕಾಲದಲ್ಲಿ ಊರೂರಿಗೆ ಬೇರೆ ತೂಕವಿತ್ತು. ಮದ್ರಾಸಿನ ಮಣ ೨೫ ಪೌಂಡು, ಮುಂಬಯಿಯ ಮಣ ೨೮ ಪೌಂಡು, ಬಂಗಾಳದ ಮಣ ೮೨ ಪೌಂಡಿಗೂ ಮಿಗಿಲು. ಮದ್ರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದವನು ಮಣ ಎಂದರೆ ಯಾವ ಮಣ ಎಂದು ಕೇಳಿ ತಿಳಿಯಬೇಕಿತ್ತು. ೧೯೫೬ರ ಕಾಯ್ದೆಯಿಂದ ಕಿಲೋಗ್ರಾಮಿನ ಪದ್ಧತಿ ಬಂತು, ೧೯೬೨ರ ಹೊತ್ತಿಗೆ ಅದು ಕಡ್ಡಾಯವಾಯಿತು. ಮಣದ ಗೊಂದಲ ಹೋಯಿತು. ಆದರೆ ಲೀಟರಿಗೂ ಕಿಲೋಕ್ಕೂ ನಡುವೆ ಹೊಸ ಗೊಂದಲ ಹೇಗೆ ಕೂತಿದೆಯೆಂಬುದನ್ನು ಮೇಲಿನ ಹುಡುಗನ ಕಥೆಯೇ ಹೇಳುತ್ತದೆ.

ಆದ್ದರಿಂದ ಹಿಂಬಾಗಿಲಲ್ಲಿ ನಿಲ್ಲುವ ನಮ್ಮ ಬಾಂಧವರಿಗೆ ಕೆಲವು ಮಾತು. ಇವು ಪುಸ್ತಕದಿಂದ ತೆಗೆದದ್ದಲ್ಲ. ಹೆಚ್ಚಿನವು ಏಟು ತಿಂದು ಕಲಿತದ್ದು.

ಮಾಲು ಹಾಕುವ ಮೊದಲು ಕಾಟಾ ಸೊನ್ನೆ ತೋರಿಸುತ್ತಿದೆಯೇ ನೋಡಿ. ಒಂದೇ ಮೂಟೆಯನ್ನು ಕಾಟಾದ ಹಲಗೆಯ ನಾಲ್ಕು ಮೂಲೆಗೂ ಒಂದೊಂದು ಸಲ ಇಟ್ಟು ನೋಡಿ; ನಾಲ್ಕು ಕಡೆಯೂ ಒಂದೇ ತೂಕ ಬರಬೇಕು. ವ್ಯಾಪಾರಕ್ಕೆ ಬಳಸುವ ವಿದ್ಯುತ್ ಕಾಟಾವನ್ನು ವರ್ಷಕ್ಕೊಮ್ಮೆ, ಕಬ್ಬಿಣದ ತೂಕದ ಬಟ್ಟುಗಳನ್ನು ಎರಡು ವರ್ಷಕ್ಕೊಮ್ಮೆ ಸರಕಾರದ ತೂಕ-ಅಳತೆ ಇಲಾಖೆ ಪರೀಕ್ಷಿಸಿ ಮುದ್ರೆ ಹಾಕಬೇಕೆಂದು ನಿಯಮವಿದೆ. ಮುದ್ರೆ ಹಳತಾಗಿದ್ದರೆ ಯಜಮಾನರಿಗೆ ತಿಳಿಸಿ. ವ್ಯಾಪಾರಿ ತಾನೇ ತಂದ ತಕ್ಕಡಿಯಲ್ಲಿ ತೂಗಿ ತೋರಿಸಿದರೆ ಅದು ನಮ್ಮ ತೂಕವಲ್ಲ.

ಮೂಟೆಯ ತೂಕದಲ್ಲಿ ಬಾರದಾನ ಕಳೆಯಿರಿ. ಐವತ್ತು ಕಿಲೋದ ಗೋಣಿಚೀಲವೇ ಅರ್ಧ ಕಿಲೋಕ್ಕೆ ಮೇಲೆ ತೂಗುತ್ತದೆ. ಹತ್ತು ಖಾಲಿ ಗೋಣಿ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಒಂದರ ತೂಕ ಸಿಗುತ್ತದೆ. ಅದನ್ನು ಗೋಡೆಯ ಮೇಲೆ ಬರೆದಿಡಿ. ಇಪ್ಪತ್ತು ಮೂಟೆ ಅಕ್ಕಿಯಲ್ಲಿ ಬಾರದಾನ ಕಳೆಯದಿದ್ದರೆ ಹತ್ತು ಕಿಲೋಕ್ಕೂ ಹೆಚ್ಚು ಗೋಣಿಯನ್ನೇ ಅಕ್ಕಿಯ ಬೆಲೆಗೆ ಕೊಂಡಂತಾಯಿತು. ಆ ಹತ್ತು ಕಿಲೋ ಅಕ್ಕಿಯನ್ನು ಯಾರು ತಿಂದರೆಂದು ತಿಂಗಳ ಕೊನೆಗೆ ಕೇಳುವುದು ನಿಮ್ಮನ್ನೇ.

ಈರುಳ್ಳಿ, ಬಟಾಟೆ ಚೀಲದ ಬಾಯಿ ಮಾತ್ರ ನೋಡಬೇಡಿ, ನೆಲಕ್ಕೆ ಸುರುವಿ ನೋಡಿ. ಒದ್ದೆ ಈರುಳ್ಳಿ ಎರಡು ಸಲ ಮೋಸ: ಬರುವಾಗ ನೀರಿನ ತೂಕ, ಎರಡು ದಿನ ಕಳೆದರೆ ಕೊಳೆತ. ಉದ್ದಿನಬೇಳೆಯನ್ನು ಬೊಗಸೆಯಲ್ಲಿ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆಯಿದ್ದರೆ ಇಡ್ಲಿಯೇ ಅದನ್ನು ಹೇಳೀತು, ಆದರೆ ಅಷ್ಟರಲ್ಲಿ ತಪ್ಪು ರುಬ್ಬಿದವನದಾಗಿರುತ್ತದೆ. ತೆಂಗಿನಕಾಯಿ ಎಣಿಸುವಾಗ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಕಣ್ಣು ಒದ್ದೆಯಾಗಿದ್ದರೆ ಬೇರೆ ಇಡಿ. ಬಾಳೆಲೆಯ ಕಟ್ಟನ್ನು ಬಿಚ್ಚಿ ನೋಡಿ. ಹೊರಗೆ ಅಗಲವಾದ ಎಲೆ, ಒಳಗೆ ಹರಿದದ್ದು. ಕಾಫಿಪುಡಿಯ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ನೂರರ ಲೆಕ್ಕದಲ್ಲಿ ಬರೆದಿರಬೇಕು. ಕೇಳಿದ ಲೆಕ್ಕವೂ ಬಂದ ಲೆಕ್ಕವೂ ಒಂದೇ ಇರಬೇಕು.

ಗ್ಯಾಸಿನ ಸಿಲಿಂಡರನ್ನೂ ತೂಗಿಯೇ ತೆಗೆದುಕೊಳ್ಳಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಅದಕ್ಕೆ ಹೊಟೇಲಿನ ಸಿಲಿಂಡರಿಗೆ ೧೯ ಕಿಲೋ ಕೂಡಿಸಿದರೆ ಬರಬೇಕಾದ ತೂಕ. ಕುತ್ತಿಗೆಯ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ವರ್ಷದ ಅಂಕೆ ಇರುತ್ತದೆ. ಎ ಎಂದರೆ ಮಾರ್ಚಿನವರೆಗೆ, ಬಿ ಎಂದರೆ ಜೂನಿನವರೆಗೆ, ಸಿ ಸಪ್ಟೆಂಬರ, ಡಿ ಡಿಸೆಂಬರ. ಆ ಅವಧಿ ದಾಟಿದ ಸಿಲಿಂಡರ್ ಮರುಪರೀಕ್ಷೆ ಆಗಬೇಕಾದದ್ದು. ಅದನ್ನು ಒಳಗೆ ತರಬೇಡಿ. ಇಲ್ಲಿ ಹೋಗುವುದು ಸಂಬಳವಲ್ಲ, ಪ್ರಾಣ.

ಒಟ್ಟಿಗೆ ಹಲವು ಮಾಲು ಬಂದಾಗ ಹಾಲು, ಪನೀರು, ಬೆಣ್ಣೆ ಮೊದಲು ತಣ್ಣನೆಯ ಪೆಟ್ಟಿಗೆಗೆ ಹೋಗಲಿ. ಅವು ೫ ಡಿಗ್ರಿಗಿಂತ ಮೇಲೆ ಇರಬಾರದು. ಬೇಳೆ, ಸಕ್ಕರೆ ಕಾಯಬಲ್ಲವು. ಹೊಸದನ್ನು ಹಿಂದೆ ಇಟ್ಟು ಹಳೆಯದನ್ನು ಮುಂದೆ ತನ್ನಿ. ಪೊಟ್ಟಣದ ಮೇಲಿನ ತಾರೀಖು ಓದಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಸಹಿ ಹಾಕುವ ಮೊದಲು ಕಂಡದ್ದನ್ನು ಬರೆಯಿರಿ. “ಎರಡು ಮೂಟೆ ಒದ್ದೆ.” “ಒಂದು ಡಬ್ಬಿ ಸೋರಿದೆ.” “ತೂಕ ನಾಲ್ಕು ಕಿಲೋ ಕಡಿಮೆ.” ತೂಗಲು ಬಿಡದಿದ್ದರೆ “ಎಣಿಸಿದೆ, ತೂಗಿಲ್ಲ” ಎಂದು ಬರೆಯಿರಿ. ಕನ್ನಡದಲ್ಲೇ ಬರೆದರೂ ಸರಿ. ಟೆಂಪೊದವನ ಪ್ರತಿಯಲ್ಲಿಯೂ ನಮ್ಮ ಪ್ರತಿಯಲ್ಲಿಯೂ ಅದೇ ಮಾತು ಇರಲಿ, ಟೆಂಪೊದವನೂ ಸಹಿ ಹಾಕಲಿ. ಚಲನಿನ ಫೋಟೋ ನಿಮ್ಮ ಫೋನಿನಲ್ಲಿರಲಿ. ಆ ನಾಲ್ಕು ಶಬ್ದ ತಿಂಗಳ ಕೊನೆಗೆ ನಿಮ್ಮ ಪರವಾಗಿ ಮಾತಾಡುತ್ತವೆ.

ನಮ್ಮ ಗಿರಣಿ ಬಂಧುಗಳಿಗೆ ಇದರಲ್ಲಿ ಹೊಸತೇನೂ ಇಲ್ಲ. ಹುಬ್ಬಳ್ಳಿ, ಗದಗದ ಕಡೆಯ ಹತ್ತಿಯೂ ಬರುತ್ತಿದ್ದ ಮುಂಬಯಿಯ ಗಿರಣಿಗಳ ಗೋದಾಮಿನಲ್ಲಿ ದುಡಿದ ಹಿರಿಯರು ಅಲ್ಲಿಯ ಕ್ರಮವನ್ನು ನಮಗೆ ಹೇಳಿದ್ದಾರೆ. ಬೇಲು ತೂಗುವವನು ಒಬ್ಬ, ಬರೆಯುವವನು ಮತ್ತೊಬ್ಬ, ಹತ್ತಿಯನ್ನು ಎಳೆದು ಎಳೆಯ ಉದ್ದ ನೋಡುವವನು ಇನ್ನೊಬ್ಬ. ಹತ್ತಿ ಗಾಳಿಯಿಂದ ನೀರು ಕುಡಿಯುತ್ತದೆ. ಒಣ ಹತ್ತಿಯ ತೂಕಕ್ಕೆ ನೂರಕ್ಕೆ ಎಂಟೂವರೆಯಷ್ಟು ತೇವವನ್ನು ವ್ಯಾಪಾರದಲ್ಲಿ ಒಪ್ಪುತ್ತಾರೆ. ಅದಕ್ಕೆ ಮೇಲೆ ಇದ್ದರೆ ಗಿರಣಿ ನೀರಿಗೆ ಹಣ ಕೊಟ್ಟಂತೆ. ಆದ್ದರಿಂದ ತೂಕದ ಜೊತೆ ತೇವವನ್ನೂ ನೋಡುತ್ತಿದ್ದರು. ಯಾರ ಕೆಲಸ ಯಾವುದೆಂದು ಗೊತ್ತಿದ್ದುದರಿಂದ ಯಾರ ತಪ್ಪು ಯಾವುದೆಂದೂ ಗೊತ್ತಾಗುತ್ತಿತ್ತು. ಹತ್ತಿ ಬೇಲಿಗೆ ಇದ್ದ ಈ ಮರ್ಯಾದೆ ನಮ್ಮ ಬೇಳೆ ಮೂಟೆಗೆ ಯಾಕಿಲ್ಲ?

೧೯೮೨ರ ಜನವರಿ ೧೮ರಂದು ಆರಂಭವಾದ ಮುಷ್ಕರದ ಬಳಿಕ ಆ ಗಿರಣಿಗಳು ಒಂದೊಂದಾಗಿ ಮುಚ್ಚಿದ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಗಿರಣಿ ಕುಟುಂಬಗಳ ಮಕ್ಕಳಲ್ಲಿ ಕೆಲವರು ಇಂದು ಭಿವಂಡಿಯ ದೊಡ್ಡ ಗೋದಾಮುಗಳಲ್ಲಿದ್ದಾರೆ. ಅಲ್ಲಿ ಕೈಯಲ್ಲಿ ಹಿಡಿಯುವ ಯಂತ್ರವೊಂದು ಪೆಟ್ಟಿಗೆಯ ಮೇಲಿನ ಗೆರೆಗಳನ್ನು ಓದಿ ಲೆಕ್ಕ ಬರೆದುಕೊಳ್ಳುತ್ತದೆ. ಯಂತ್ರ ಪೆಟ್ಟಿಗೆಯನ್ನು ಎಣಿಸುತ್ತದೆ, ಒಳಗೆ ಒಡೆದದ್ದನ್ನು ನೋಡುವುದಿಲ್ಲ. ನಜ್ಜಾದ ಪೆಟ್ಟಿಗೆಗೂ ಅದು ಕುಯ್ಯೆಂದು ಒಪ್ಪಿಗೆ ಕೊಡುತ್ತದೆ. ಆ ಒಪ್ಪಿಗೆ ದಾಖಲಾಗುವುದು ಯಂತ್ರ ಹಿಡಿದವನ ಹೆಸರಿನಲ್ಲಿ. ಆ ಬಾಂಧವರಿಗೂ ನಮ್ಮ ಮಾತು ಅದೇ: ಹೊರಗೆ ಏಟು ಕಂಡರೆ ಫೋಟೋ ತೆಗೆಯಿರಿ, “ತೆರೆದು ನೋಡಿಲ್ಲ” ಎಂದು ಕಾಗದದಲ್ಲಿ ಬರೆಸಿ.

ಇನ್ನು ಕಾಯಿದೆಯ ಮಾತು. ೧೯೩೬ರ ವೇತನ ಪಾವತಿ ಕಾಯ್ದೆ ಮೊದಲಿಗೆ ಕಾರ್ಖಾನೆ ಮತ್ತು ರೈಲ್ವೆ ಕೆಲಸಗಾರರಿಗಾಗಿ ಬಂದದ್ದು. ಗಿರಣಿಯವನಿಗೆ ಅದರ ಆಸರೆ ಮೊದಲೇ ಸಿಕ್ಕಿತು. ೨೦೧೯ರ ವೇತನ ಸಂಹಿತೆ ೨೦೨೫ರ ನವೆಂಬರ ೨೧ರಿಂದ ಜಾರಿಗೆ ಬಂದಿದೆ. ಅದು ಹೊಟೇಲಿನವರಿಗೂ ಗೋದಾಮಿನವರಿಗೂ ಅನ್ವಯಿಸುತ್ತದೆ. ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ಸಂಘಗಳಲ್ಲಿ ಬಲವಾದ ಆಕ್ಷೇಪಗಳಿವೆ, ಅದು ಬೇರೆ ಚರ್ಚೆ. ಮಾಲು ಕಳೆದದ್ದಕ್ಕೆ ಸಂಬಳ ಕಡಿಯುವ ವಿಷಯದಲ್ಲಿ ಮಾತ್ರ ಹಳೆಯ ಕಾಯ್ದೆಯ ರಕ್ಷಣೆ ಹೊಸದರಲ್ಲೂ ಉಳಿದಿದೆ.

ಆ ರಕ್ಷಣೆಯನ್ನು ಪ್ರತಿಯೊಬ್ಬನೂ ಬಾಯಿಪಾಠ ಮಾಡಿಕೊಳ್ಳಬೇಕು. ಆ ಮಾಲನ್ನು ಕಾಪಾಡಲೆಂದು ಸ್ಪಷ್ಟವಾಗಿ ಅವನಿಗೆ ವಹಿಸಿಕೊಟ್ಟಿರಬೇಕು. ನಷ್ಟವು ನೇರವಾಗಿ ಅವನ ಅಲಕ್ಷ್ಯದಿಂದ ಅಥವಾ ತಪ್ಪಿನಿಂದ ಆಗಿರಬೇಕು. ಕಡಿಯುವ ಮೊದಲು ಅವನ ಮಾತು ಕೇಳಬೇಕು. ಆದ ನಷ್ಟಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಸಂಹಿತೆಯ ಪ್ರಕಾರ ಎಲ್ಲ ಕಡಿತ ಸೇರಿದರೂ ಆ ತಿಂಗಳ ಸಂಬಳದ ಅರ್ಧವನ್ನು ದಾಟುವಂತಿಲ್ಲ. ಈಗ ಕೇಳುತ್ತೇವೆ: ರುಬ್ಬುವಲ್ಲಿಂದ ಕೂಗಿ ಕರೆದು ಸಹಿ ಹಾಕಿಸಿದ ಹುಡುಗನಿಗೆ ಉಗ್ರಾಣವನ್ನು ವಹಿಸಿಕೊಟ್ಟದ್ದು ಯಾವಾಗ? ಕೀಲಿಕೈ ಕೊಡದೆ ಹೊಣೆ ಕೊಟ್ಟರೆ ಅದನ್ನು ವಹಿಸಿಕೊಟ್ಟದ್ದೆನ್ನಬಹುದೇ?

ಹೀಗೆಂದು ಯಜಮಾನರನ್ನೆಲ್ಲ ದೂರುವುದು ನಮ್ಮ ಉದ್ದೇಶವಲ್ಲ. ಅವರಲ್ಲಿ ಅನೇಕರು ಒಂದು ಕಾಲಕ್ಕೆ ನಮ್ಮಂತೆಯೇ ಕಪ್ಪು ತೊಳೆದು ಮೇಲೆ ಬಂದವರು. ವ್ಯಾಪಾರಿಯ ಮೋಸದಲ್ಲಿ ಮೊದಲು ಹಣ ಕಳೆದುಕೊಳ್ಳುವವರು ಅವರೇ. ಆದರೆ ಹೊರಗಿನವನು ಮಾಡಿದ ಮೋಸವನ್ನು ಹೊರಗೆ ಹೋಗಿ ಕೇಳುವುದು ಕಷ್ಟ, ಒಳಗಿನ ಹುಡುಗನ ಸಂಬಳ ಹಿಡಿಯುವುದು ಸುಲಭ. ಸುಲಭದ ದಾರಿ ಹಿಡಿದುದರಿಂದ ಮೋಸ ನಿಲ್ಲುವುದಿಲ್ಲ. ಮುಂದಿನ ತಿಂಗಳೂ ಅದೇ ಡಬ್ಬಿ ಬರುತ್ತದೆ. ಅವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಹಿಂಬಾಗಿಲಲ್ಲಿ ಒಂದು ಮುದ್ರೆಯಿರುವ ಕಾಟಾ ಮತ್ತು ಕಣ್ಣಿಗೆ ಸಾಕಾಗುವ ಬೆಳಕು ಬೇಕು. ಮಾಲು ಬರುವ ಹೊತ್ತಿಗೆ ಒಬ್ಬನಿಗೆ ಬೇರೆ ಕೆಲಸ ಹೇಳದೆ ಅರ್ಧ ಗಂಟೆ ಬಿಡಬೇಕು. ಕೇಳಿದ ಪಟ್ಟಿಯ ನಕಲು ಅವನ ಕೈಯಲ್ಲಿರಬೇಕು. ಸರಿಯಿಲ್ಲದ ಮಾಲನ್ನು ಹಿಂದೆ ಕಳಿಸಿದರೆ “ನೀನು ಯಾರು ಕೇಳಲಿಕ್ಕೆ” ಎಂಬ ಮಾತು ಬರಬಾರದು.

ನಮ್ಮ ಕಡೆಯ ತಪ್ಪನ್ನೂ ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ನಾವು ಹೊಟೇಲಿನ ಉಗ್ರಾಣದಲ್ಲಿದ್ದ ಕಾಲದಲ್ಲಿ ತರಕಾರಿ ಟೆಂಪೊದವನು ಚಹಾಕ್ಕೆಂದು ಇಪ್ಪತ್ತು ರೂಪಾಯಿ ಕೈಗಿಡುತ್ತಿದ್ದ. ನಾವು ತೆಗೆದುಕೊಳ್ಳುತ್ತಿದ್ದೆವು. ತೆಗೆದುಕೊಂಡ ಮೇಲೆ ಅವನ ಚೀಲ ಸುರುವಿ ನೋಡಲು ಮುಖವಿರಲಿಲ್ಲ. ಒಂದು ಮಳೆಗಾಲದಲ್ಲಿ ನಾವು ಹಾಗೆ ಸಹಿ ಹಾಕಿದ ಈರುಳ್ಳಿಯಲ್ಲಿ ಅರ್ಧ ಕೊಳೆತಿತ್ತು. ಬೈಗುಳ ಬಿದ್ದದ್ದು ಅಡುಗೆಯ ಮುದಿ ಭಟ್ಟರಿಗೆ. ಇಟ್ಟುಕೊಳ್ಳಲು ಬಾರದೆ ಹಾಳುಮಾಡಿದರೆಂದು ಅವರ ಎರಡು ದಿನದ ಸಂಬಳ ಹಿಡಿದರು. ನಾವು ಬಾಯಿ ಬಿಡಲಿಲ್ಲ. ಅವರು ಮರುವರ್ಷ ಊರಿಗೆ ಹೋದವರು ತಿರುಗಿ ಬರಲಿಲ್ಲ. ಇಂದು ಸಂಘದ ಕುರ್ಚಿಯಲ್ಲಿ ಕೂತು ಇದನ್ನು ಬರೆಯುವಾಗ ಆ ಇಪ್ಪತ್ತು ರೂಪಾಯಿ ನಮ್ಮ ನೆನಪಿಗೆ ಬರುತ್ತದೆ. ಚಹಾದ ಕಾಸು ತೆಗೆದುಕೊಂಡವನ ಪರವಾಗಿ ಸಂಘ ಎಷ್ಟು ಗಟ್ಟಿಯಾಗಿ ಮಾತಾಡಿದರೂ ಅದಕ್ಕೆ ತೂಕ ಬರುವುದಿಲ್ಲ. ಕದ್ದವನನ್ನು ಸಂಘ ಕಾಯುವುದಿಲ್ಲವೆಂಬುದೂ ಎಲ್ಲರಿಗೂ ತಿಳಿದಿರಲಿ.

ಹಿಂದೆ ಈ ಊರಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಹೊಟೇಲಿನ ಹುಡುಗರು ಕೆಲಸ ಮುಗಿಸಿ ಬಂದು ಅಕ್ಷರ ಕಲಿತರು. ಆ ಅಕ್ಷರದ ಉಪಯೋಗ ಇಂದು ಚಲನ್ ಓದುವುದರಲ್ಲಿದೆ. ಮುಂದಿನ ತಿಂಗಳಿನಿಂದ ಪ್ರತಿ ಮಂಗಳವಾರ ರಾತ್ರಿ ಹತ್ತೂವರೆಗೆ ಸಂಘದ ಕಛೇರಿಯಲ್ಲಿ ಒಂದು ಗಂಟೆ ಚಲನ್, ಬಿಲ್ಲು, ತೂಕದ ಲೆಕ್ಕಗಳನ್ನು ಹೇಳಿಕೊಡುವ ಏರ್ಪಾಡು ಮಾಡಿದ್ದೇವೆ. ಶುಲ್ಕವಿಲ್ಲ. ನಿಮ್ಮ ಹೊಟೇಲಿನ ಒಂದು ಹಳೆಯ ಚಲನ್ ಅಥವಾ ಖಾಲಿ ಡಬ್ಬಿಯ ಚೀಟಿ ತನ್ನಿ, ಅದೇ ಪಾಠದ ಪುಸ್ತಕ. ಸಂಬಳದಲ್ಲಿ ಕಡಿತವಾದವರು ಆ ಕಾಗದವನ್ನು ಹರಿದು ಬಿಸಾಡದೆ ತರಬೇಕು.

ಕುಂದಾಪುರದ ಆ ಹುಡುಗ ಈಗ ಬೇರೊಂದು ಹೊಟೇಲಿನಲ್ಲಿದ್ದಾನೆ. ಮೊನ್ನೆ ಫೋನು ಮಾಡಿದ್ದ. ಎಣ್ಣೆ ಬಂದಾಗ ಡಬ್ಬಿಯ ಚೀಟಿ ಓದುತ್ತೇನೆಂದೂ ಅಲ್ಲಿಯ ಮೆನೇಜರರು ಮೊದಲು ನಕ್ಕರೆಂದೂ ಈಗ ಅವರೂ ಬಂದು ಪಕ್ಕದಲ್ಲಿ ನಿಲ್ಲುತ್ತಾರೆಂದೂ ಹೇಳಿದ. ಮಂಗಳವಾರ ಅವನೂ ಬರುತ್ತಾನೆ. ನೀವೂ ಬನ್ನಿ.